ಕಾಂತನ ಪಾಠ

ಗಜೇಂದ್ರಗಡದ ನೇಕಾರ ಓಣಿಯಲ್ಲಿ ನಿರ್ಮಲಾಳ ದನಿ ಕೇಳಿದವರು ಕಡಿಮೆ. ಅಂಗಡಿಗೆ ಹೋದರೆ ಬೇಕಾದ ಸಾಮಾನಿನ ಕಡೆ ಬೆರಳು ಮಾಡುತ್ತಿದ್ದಳು. ಯಾರಾದರೂ ಮಾತಾಡಿಸಿದರೆ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಕೇಳಿದವರೇ ಉತ್ತರ ಹೇಳಿಕೊಂಡು ಹೋಗುವವರೆಗೆ ಕಾಯುತ್ತಿದ್ದಳು. ಅಂದಾನಪ್ಪನ ಮಗಳಿಗೆ ದೇವರು ಬಾಯಿ ಕೊಟ್ಟು ಕೀಲಿಕೈ ತನ್ನ ಹತ್ತಿರವೇ ಇಟ್ಟುಕೊಂಡಿದ್ದಾನೆ ಎಂದು ಓಣಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಕಣ್ಣಿಗೆ ಮಾತ್ರ ಅವನು ಕೀಲಿ ಹಾಕಿರಲಿಲ್ಲ. ಯಾರ ಮನೆಯ ಸೊಸೆ ಯಾವಾಗ ಮುಖ ಊದಿಸಿಕೊಂಡು ನೀರಿಗೆ ಬಂದಳು, ಯಾರು ಯಾರಿಗೆ ಕೇಳಲೆಂದು ಯಾರನ್ನು ಬೈದರು, ಎಲ್ಲವೂ ಅವಳಿಗೆ ಗೊತ್ತಿರುತ್ತಿತ್ತು.

ಒಂದು ಹೊತ್ತಿನಲ್ಲಿ ಮಾತ್ರ ಅವಳ ಬಾಯಿ ಬಿಚ್ಚುತ್ತಿತ್ತು. ಅದು ಪುಸ್ತಕ ಓದುವಾಗ. ಪುಸ್ತಕದ ಮಾತು ಅವಳದಲ್ಲ, ಬರೆದವರದು. ಅದಕ್ಕೆ ಅವಳೇಕೆ ನಾಚಬೇಕು? ಎಡಗಡೆ ಪುಸ್ತಕವನ್ನು ತೆರೆದಿಟ್ಟು, ಅದರ ಮೇಲೆ ಒಂದು ಕಲ್ಲು ಹೇರಿ, ರಾಟಿ ತಿರುಗಿಸುತ್ತ ಲಾಳಿಯೊಳಗೆ ಕೂಡಿಸುವ ಕಂಡಿಕೆಗೆ ನೂಲು ಸುತ್ತುತ್ತ, ಗಟ್ಟಿಯಾಗಿ ಓದುತ್ತಿದ್ದಳು. ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತ ಅಪ್ಪ ಅಂದಾನಪ್ಪ ಪಟ್ಟೇದಂಚಿನ ಸೀರೆ ನೇಯುತ್ತಿದ್ದ. ಅವನ ಮಗ್ಗದ ಸಪ್ಪಳ ಮೀರುವಷ್ಟು ಅವಳ ಓದು.

ಅವಳು ಎಂಟನೇ ಇಯತ್ತೆಯಲ್ಲಿದ್ದಾಗ ಅವ್ವ ತೀರಿಕೊಂಡಿದ್ದಳು. ಕಂಡಿಕೆ ಸುತ್ತಿಕೊಡುವ ಕೈ ಮನೆಯಲ್ಲಿ ಬೇಕಿತ್ತು. ಸಾಲಿ ಬಿಡು ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಯಾರೂ ಹೇಳಲಿಲ್ಲ. ಅಂದಿನಿಂದ ಅವಳು ‘ಬಿಟ್ಟಾಕಿ’ ಆದಳು. ಗಂಡನನ್ನು ಬಿಟ್ಟು ತವರಿಗೆ ಬಂದವಳಿಗೂ ಸಾಲಿ ಬಿಟ್ಟ ಹುಡುಗಿಗೂ ಓಣಿಯಲ್ಲಿ ಅದೊಂದೇ ಹೆಸರು. ಮದುವೆಯೇ ಆಗದೆ ಆ ಹೆಸರು ಹೊತ್ತು ತಿರುಗುವುದು ನಿರ್ಮಲಾಳಿಗೆ ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ. ಬಾಜೂ ಮನೆಯ ಸೈರಾಬಾನು, ಸೀರೆಯ ಸೆರಗಿಗೆ ಗೊಂಡೆ ಕಟ್ಟುವವಳು, ಹತ್ತನೆಯದನ್ನು ಮನೆಯಲ್ಲೇ ಓದಿ ಬರೆಯಬಹುದೆಂದು ಹೇಳಿ ತಾನೇ ಮುಂದೆ ನಿಂತು ಪರೀಕ್ಷೆಗೆ ಕಟ್ಟಿಸಿದ್ದಳು. ಉಳಿದ ವಿಷಯಗಳೆಲ್ಲ ಪಾಸಾಗಿ, ವಿಜ್ಞಾನ ಒಂದು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ವಿಜ್ಞಾನದಲ್ಲೂ ಒಂದೇ ಪಾಠ, ವಿದ್ಯುತ್ತು ಮತ್ತು ಕಾಂತ. ಈ ಸಲ ಅದನ್ನು ಬಿಡುವುದಿಲ್ಲ ಎಂದು ಅವಳು ಹಟ ತೊಟ್ಟಿದ್ದಳು. ಬೇಸಿಗೆಯಲ್ಲಿ ರೋಣಕ್ಕೆ ಹೋಗಿ ಅದೊಂದನ್ನು ಬರೆದು ಬಂದರೆ ಅವಳು ಬಿಟ್ಟಾಕಿಯಲ್ಲ, ಮುಗಿಸಿದಾಕಿ.

ಹೀಗೆ ಒಂದು ದಿನ ಓದುತ್ತ ಆ ವಾಕ್ಯಕ್ಕೆ ಬಂದಳು. ಕಾಂತದ ಸಜಾತೀಯ ಧ್ರುವಗಳು ಒಂದನ್ನೊಂದು ವಿಕರ್ಷಿಸುತ್ತವೆ, ಅಂದರೆ ದೂರ ತಳ್ಳುತ್ತವೆ. ವಿಜಾತೀಯ ಧ್ರುವಗಳು ಒಂದನ್ನೊಂದು ಆಕರ್ಷಿಸುತ್ತವೆ.

ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಆಯಿಯ ಮೊರ ನಿಂತಿತು. ಆಯಿ ಎಂದರೆ ಅಪ್ಪನ ತಾಯಿ ನೀಲವ್ವ. ಕಿವಿ ಚುರುಕು, ಮೊಣಕಾಲು ಮಾತ್ರ ಕೇಳುತ್ತಿರಲಿಲ್ಲ. ಇನ್ನೊಮ್ಮೆ ಓದು ಎಂದಳು. ನಿರ್ಮಲಾ ಓದಿದಳು.

“ಸಜಾತಿ ಅಂದ್ರ ನಮ್ಮ ಮಂದಿ. ವಿಜಾತಿ ಅಂದ್ರ ಬ್ಯಾರೆ ಮಂದಿ. ಕಾಂತ ಅಂದ್ರ ಗಂಡ. ಇದನ್ನ ಸರಕಾರದವ್ರು ಸಾಲಿ ಹುಡುಗೂರ ಕೈಯಾಗ ಕೊಟ್ಟಾರ?” ಎಂದಳು ಆಯಿ.

ನಿರ್ಮಲಾ ಬಾಯಿ ತೆರೆದಳು. ಮಗ್ಗದ ಕಂಬಕ್ಕೆ ಒಂದು ದುಂಡನೆಯ ಲೋಹಚುಂಬಕ ದಾರದಲ್ಲಿ ಜೋತುಬಿದ್ದಿತ್ತು. ಕೆಟ್ಟ ಸ್ಪೀಕರಿನೊಳಗಿಂದ ತೆಗೆದದ್ದು. ಸೂಜಿ ಕುಣಿಯೊಳಗೆ ಬಿದ್ದರೆ ಅದನ್ನು ಇಳಿಬಿಟ್ಟು ಎತ್ತುತ್ತಿದ್ದರು. ಕಾಂತ ಎಂದರೆ ಅದೇ ಎಂದು ತೋರಿಸಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಓಣಿಯಲ್ಲಿ ಅದಕ್ಕೆ ಹುಟ್ಟಿದಾಗಿನಿಂದ ಲೋಹಚುಂಬಕ ಎಂದೇ ಹೆಸರು. ಕಾಂತ ಎನ್ನುವವನು ಬರುವುದು ಮದುವೆಯ ಹಾಡುಗಳಲ್ಲಿ ಮಾತ್ರ, ಅದೂ ಕಾಂತೆಯ ಕೈ ಹಿಡಿದುಕೊಂಡು.

ಅವಳು ಮಾತು ಕೂಡಿಸಿಕೊಳ್ಳುವಷ್ಟರಲ್ಲಿ ಆಯಿ ಮುಂದೆ ಹೋಗಿಬಿಟ್ಟಿದ್ದಳು. ಬರೆದದ್ದು ಸುಳ್ಳಲ್ಲ ಬಿಡು ಎಂದು ತಲೆದೂಗಿದಳು. ಮೇಲಿನ ಓಣಿಯ ಹೂವಪ್ಪನ ಮಗನಿಗೆ ನಮ್ಮವರಲ್ಲೇ ಹುಡುಕಿ ಹುಡುಕಿ ಮದುವೆ ಮಾಡಿದರು. ಗಂಡ ಹೆಂಡತಿ ಒಂದೇ ಗಾಡಿಯಲ್ಲಿ ಸಂತೆಗೆ ಹೋದದ್ದನ್ನು ಯಾರೂ ಕಂಡಿಲ್ಲ. ಅವನ ತಂಗಿ ಹೊರಗಿನವನನ್ನು ಕಟ್ಟಿಕೊಂಡು ಹೋದಳು. ಈಗ ನೋಡಿದರೆ ಇಬ್ಬರೂ ಒಂದೇ ಎಲೆಯಲ್ಲಿ ಉಣ್ಣುತ್ತಾರಂತೆ. ಒಂದು ತಳ್ಳಿತು, ಒಂದು ಸೆಳೆಯಿತು. ಪುಸ್ತಕ ಬರೆದವನು ಮನೆಮನೆ ತಿರುಗಿ ನೋಡಿದ್ದಾನೆ.

ನಿರ್ಮಲಾ ತೆರೆದ ಬಾಯಿಯನ್ನು ಮುಚ್ಚಿಕೊಂಡಳು. ತುಂಟತನ ಶುರುವಾದದ್ದು ಅಲ್ಲಿ. ಸುಮ್ಮನಿರುವುದು ಅವಳಿಗೆ ರೂಢಿಯೇ ಇತ್ತು. ಅಂದು ಮೊದಲ ಸಲ ಅದರಲ್ಲಿ ರುಚಿ ಕಂಡಳು.

ಮರುದಿನದಿಂದ ಆಯಿ ತಾನೇ ಬಂದು ರಾಟಿಯ ಎದುರು ಕೂಡತೊಡಗಿದಳು. ಕಾಂತನ ಪಾಠ ಓದು ಎನ್ನುವಳು. ನಿರ್ಮಲಾ ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದುವಳು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಕಾಂತದ ಸುತ್ತ ಅದರ ಪ್ರಭಾವವಿರುವ ಜಾಗವೇ ಕಾಂತಕ್ಷೇತ್ರ ಎಂದು ಬಂತು. ಆಯಿ ಮೊದಲು ಕಾಲಕಾಲೇಶ್ವರನ ಕ್ಷೇತ್ರದ ಹಾಗೆ ಇದೂ ಒಂದು ಗುಡಿ ಇರಬೇಕೆಂದು ತಿಳಿದು, ಯಾವ ಬಸ್ಸಿಗೆ ಹೋಗಬೇಕು ಎಂದು ಕೇಳಿದಳು. ಮುಂದಿನ ಸಾಲು ಕೇಳಿ ಗುಡಿಯ ಆಸೆ ಬಿಟ್ಟಳು. ಕಾಂತದಿಂದ ದೂರ ಹೋದಂತೆ ಕ್ಷೇತ್ರದ ಬಲ ಕುಂದುತ್ತದೆ.

“ನಿಮ್ಮಜ್ಜನ ಕ್ಷೇತ್ರ ಈ ಕಟ್ಟಿ ತನಕ ಇತ್ತು ನೋಡು. ಕಟ್ಟಿ ಇಳದ್ರ ಅವನ ಮಾತ ನಾಯಿ ಸೈತ ಕೇಳ್ತಿರಲಿಲ್ಲ. ಒಳಗ ಬಂದ್ರ ಮಾತ್ರ ಹುಲಿ” ಎಂದಳು.

ಕಟ್ಟೆಯ ಮೇಲೆ ಕೂತು ಗೊಂಡೆ ಕಟ್ಟುತ್ತಿದ್ದ ಸೈರಾಬಾನು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆಮೇಲೆ ನೀರಿನ ನೆಪ ಮಾಡಿ ನಿರ್ಮಲಾಳನ್ನು ಹಿತ್ತಲಿಗೆ ಕರೆದು, ಮುದುಕಿಗೆ ಖರೇ ಸಂಗತಿ ಹೇಳಬೇಡ ಎಂದಳು. ಹೇಳಿದರೆ ಪಾಠ ಕೇಳುವವರು ಯಾರು? ಕೇಳುವವರಿದ್ದರೆ ಓದುವವರಿಗೆ ತಲೆಗೆ ಹತ್ತುತ್ತದೆ. ಆ ಮಾತೂ ನಿಜವಾಗಿತ್ತು. ಹೋದ ಸಲ ಗೋಡೆಗೆ ಓದಿದಂತೆ ಓದಿ ಮರೆತದ್ದೆಲ್ಲ ಈ ಸಲ ಆಯಿಯ ಮಾತಿನ ಜೊತೆ ಗಂಟು ಬಿದ್ದು ಉಳಿಯುತ್ತಿತ್ತು. ವಿದ್ಯುತ್ಕಾಂತ ತಾತ್ಕಾಲಿಕ, ತಂತಿಯ ಸುರುಳಿಯಲ್ಲಿ ಕರೆಂಟು ಹರಿಯುವವರೆಗೆ ಮಾತ್ರ ಸೆಳೆಯುತ್ತದೆ, ನಿಂತ ಕೂಡಲೇ ಹಿಡಿದದ್ದನ್ನು ಬಿಟ್ಟುಬಿಡುತ್ತದೆ. ಇದನ್ನು ಓದಿದಾಗ ಆಯಿ ಲಕ್ಕಲಕಟ್ಟಿಯಲ್ಲಿರುವ ತನ್ನ ಅಳಿಯನ ಹೆಸರು ಹೇಳಿದಳು. ಮಾವ ಇರುವವರೆಗೆ ಹಬ್ಬ ಹಬ್ಬಕ್ಕೂ ಬರುತ್ತಿದ್ದ, ಮಾವ ಹೋದ ಮೇಲೆ ಇತ್ತ ತಲೆಯನ್ನೂ ಹಾಕಿಲ್ಲ. ನಿರ್ಮಲಾ ವಿದ್ಯುತ್ಕಾಂತವನ್ನು ಇನ್ನು ಈ ಜನ್ಮದಲ್ಲಿ ಮರೆಯುವಂತಿರಲಿಲ್ಲ.

ಒಂದು ಸಲ ಮಾತ್ರ ಆಯಿಗೆ ಪುಸ್ತಕದ ಮೇಲೆ ಸಿಟ್ಟು ಬಂತು. ಬಲಗೈ ಹೆಬ್ಬೆರಳಿನ ನಿಯಮ ಓದುವಾಗ. ವಿದ್ಯುತ್ ಹರಿಯುವ ತಂತಿಯನ್ನು ಬಲಗೈಯಲ್ಲಿ ಹಿಡಿದಿದ್ದೀರಿ ಎಂದು ಭಾವಿಸಿ ಎಂದು ಇತ್ತು. ಹೆಬ್ಬೆರಳು ಕರೆಂಟು ಹರಿಯುವ ದಿಕ್ಕು ತೋರಿಸಿದರೆ ಉಳಿದ ಬೆರಳು ಸುತ್ತಿಕೊಂಡ ದಿಕ್ಕು ಕ್ಷೇತ್ರದ್ದು. ನಿರ್ಮಲಾ ಕಂಡಿಕೆಯನ್ನು ಮುಷ್ಟಿಯಲ್ಲಿ ಹಿಡಿದು ಹೆಬ್ಬೆರಳು ನಿಲ್ಲಿಸಿ ತೋರಿಸಿದಳು. ಆಯಿ ಅವಳ ಕೈಗೆ ಪಟ್ಟನೆ ಹೊಡೆದಳು. ಕರೆಂಟಿನ ತಂತಿಯನ್ನು ಮೊದಲು ಬರೆದವನ ಕೈಯಲ್ಲಿ ಕೊಡಲಿ, ಆಮೇಲೆ ಮಂದಿಯ ಮಕ್ಕಳ ಕೈಯಲ್ಲಿ ಕೊಡಲಿ ಎಂದು ಸಂಜೆಯವರೆಗೂ ಗೊಣಗಿದಳು.

ಈ ನಡುವೆ ನರೇಗಲ್ಲಿನಿಂದ ಒಂದು ಸಂಬಂಧ ಬಂತು. ತಾಯಿ ವೀರವ್ವ, ದೂರದ ನೆಂಟಳು, ನಮ್ಮವಳೇ. ಮಗ ಕಳಕೇಶ ಐಟಿಐ ಮಾಡಿ, ನರೇಗಲ್ಲಿನ ಸಂತೆ ಬೀದಿಯಲ್ಲಿ ಸುಟ್ಟ ಮೋಟಾರುಗಳ ತಂತಿ ಬಿಚ್ಚಿ ಹೊಸದಾಗಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದ. ಓಣಿಯ ಬೋರಿನ ಮೋಟಾರು ಸುಟ್ಟಾಗ ಅವನು ಬಂದದ್ದನ್ನು ನಿರ್ಮಲಾ ಕಿಟಕಿಯಿಂದ ಕಂಡಿದ್ದಳು. ತಂತಿ ಸುತ್ತುವಾಗ ತುಟಿ ಅಲ್ಲಾಡಿಸದೆ ಎಣಿಸುತ್ತಿದ್ದ, ಗಂಟಲು ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು. ಕಂಡಿಕೆ ಸುತ್ತುವಾಗ ಅವಳೂ ಹಾಗೇ. ಹುಡುಗನ ಬಗ್ಗೆ ಅವಳಿಗೆ ತಕರಾರು ಇರಲಿಲ್ಲ. ತಕರಾರಿದ್ದದ್ದು ವೀರವ್ವ ಫೋನಿನಲ್ಲಿ ಹೇಳಿ ಕಳಿಸಿದ ಎರಡು ಮಾತುಗಳ ಬಗ್ಗೆ. ಹುಡುಗಿ ಸಾಲಿ ಬಿಟ್ಟಾಕಿ ಎಂದು ಗೊತ್ತಿದೆ, ನಮ್ಮದೇನೂ ಅಡ್ಡಿಯಿಲ್ಲ ಎನ್ನುವುದು ಒಂದು. ಲಗ್ನದ ಮುಹೂರ್ತ ನೋಡಿಸಿ ಆಗಿದೆ ಎನ್ನುವುದು ಇನ್ನೊಂದು. ಅದು ಸರಿಯಾಗಿ ವಿಜ್ಞಾನ ಪರೀಕ್ಷೆಯ ವಾರದಲ್ಲೇ ಬಿದ್ದಿತ್ತು. ಪರೀಕ್ಷೆಯ ಸುದ್ದಿ ತೆಗೆದರೆ, ಇನ್ನು ಆ ಪರೀಕ್ಷೆ ಬರೆದು ಏನಾಗಬೇಕು ಎಂದು ವೀರವ್ವ ನಕ್ಕಿದ್ದಳಂತೆ.

ಬೇರೆ ಮನೆಯಾಗಿದ್ದರೆ ಅಪ್ಪನಿಗೆ ಹೇಳಬಹುದಿತ್ತು. ಆದರೆ ಅಂದಾನಪ್ಪನದು ಒಂದು ವಿಚಿತ್ರ ಗುಣ. ಕೊನೆಗೆ ಯಾರು ಮಾತಾಡಿದರೋ ಅವರ ಮಾತೇ ಅವನ ಮಾತು. ಬೆಳಿಗ್ಗೆ ಸೈರಾಬಾನು ಬಂದು ಪರೀಕ್ಷೆ ಬರೆಸಬೇಕು ಎಂದರೆ ಅದು ಖರೇ ಎನ್ನುವನು. ಸಂಜೆ ನರೇಗಲ್ಲಿನಿಂದ ಫೋನು ಬಂದರೆ ಅದೂ ಖರೇ ಎನ್ನುವನು. ಅವನನ್ನು ಗೆಲ್ಲಬೇಕಾದರೆ ಕೊನೆಯ ಮಾತು ಆಡಬೇಕು. ಮೊದಲ ಮಾತನ್ನೇ ಆಡದ ನಿರ್ಮಲಾಳಿಗೆ ಕೊನೆಯ ಮಾತು ಎಲ್ಲಿಂದ ಬರಬೇಕು?

ಆಯಿಯೂ ಆ ದಿನಗಳಲ್ಲಿ ಪೂರಾ ಅವಳ ಕಡೆ ಇರಲಿಲ್ಲ. ಅವಳಿಗೆ ತನ್ನ ಮೊಣಕಾಲಿನದೇ ಚಿಂತೆ. ಅಬ್ಬಿಗೇರಿಯಿಂದ ಬೇರಿನ ಔಷಧ ತರಿಸಿ ಮಂಡಲ ಹಿಡಿದಿದ್ದಳು. ಅಂದರೆ ಹೇಳಿದಷ್ಟು ದಿನ ಒಂದು ದಿನವೂ ತಪ್ಪದೆ, ಪಥ್ಯ ಮುರಿಯದೆ ತೆಗೆದುಕೊಳ್ಳಬೇಕು. ಬದನೆಕಾಯಿ ಎಣ್ಣೆಗಾಯಿಯ ವಾಸನೆ ಬಂದರೂ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಮಂಡಲ ನಡುವೆ ಮುರಿದರೆ ಔಷಧ ತಿರುಗಿ ಬೀಳುತ್ತದೆ, ಹಿಡಿಯದಿದ್ದವನಿಗಿಂತ ಹಿಡಿದು ಬಿಟ್ಟವನಿಗೆ ಕೇಡು ಹೆಚ್ಚು ಎನ್ನುವುದು ಆ ಕಡೆಯ ಎಲ್ಲ ಮುದುಕಿಯರಿಗೂ ಗೊತ್ತಿದ್ದ ಕಾನೂನು. ನಿರ್ಮಲಾ ಇದನ್ನು ರಾಟಿಯ ಹತ್ತಿರ ಕೂತು ಕೇಳಿಸಿಕೊಂಡಳು. ಅವಳು ಕೇಳಿಸಿಕೊಂಡದ್ದು ಯಾವುದೂ ಹಾಳಾಗುತ್ತಿರಲಿಲ್ಲ.

ಒಂದು ಸೋಮವಾರ ತಾಯಿ ಮಗ ಬಂದರು. ವೀರವ್ವ ಗಟ್ಟಿ ಹೆಂಗಸು. ಚಾಪೆಯ ನಡುವೆ ಕೂತಳೆಂದರೆ ಉಳಿದವರು ಅಂಚಿಗೆ ಸರಿಯಬೇಕು. ಕಳಕೇಶ ಬಾಗಿಲ ಹತ್ತಿರ ಗೋಡೆಗೆ ಆತು ಕೂತ. ಉಗುರಿನ ಸಂದಿಯಲ್ಲಿ ವಾರ್ನಿಶಿನ ಕಪ್ಪು ಉಳಿದಿತ್ತು, ಅದನ್ನು ಮುಚ್ಚಲು ಕೈ ಕಟ್ಟಿಕೊಂಡಿದ್ದ. ಸೈರಾಬಾನು ಕಟ್ಟೆಯ ಮೇಲೆ ಗೊಂಡೆ ಕಟ್ಟುವ ನೆಪದಲ್ಲಿ ಕಿವಿಯನ್ನು ಒಳಗಿಟ್ಟಿದ್ದಳು. ಅವಲಕ್ಕಿ ಆಯಿತು, ಚಹಾ ಬಂತು. ನಮ್ಮ ನಮ್ಮವರಲ್ಲೇ ಆದರೆ ಎಷ್ಟು ಚಲೋ, ಕೇಳುವುದೂ ಇಲ್ಲ ಹೇಳುವುದೂ ಇಲ್ಲ ಎಂದು ವೀರವ್ವ ಮುಹೂರ್ತದ ಮಾತು ತೆಗೆದಳು. ಅಂದಾನಪ್ಪ ಅದು ಖರೇ ಎಂದ. ಕಂಬದ ಮಗ್ಗುಲಲ್ಲಿ ನಿಂತಿದ್ದ ನಿರ್ಮಲಾ ದುಪಟ್ಟಾದ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು.

ಪರೀಕ್ಷೆಯ ಮಾತನ್ನು ತೆಗೆದವಳು ಆಯಿ. ಹುಡುಗಿ ಒಂದು ಪಾಠ ಓದುತ್ತಿದ್ದಾಳೆ, ಭಾಳ ಚಲೋ ಇದೆ ಎಂದಳು. ವೀರವ್ವ ನಕ್ಕು, ಅಂಥಾದ್ದೇನು ಓದುತ್ತಾಳೆ, ನಮಗೂ ಒಂದಿಷ್ಟು ಕೇಳಿಸಲಿ ಎಂದಳು. ಹುಡುಗಿಯ ದನಿ ಹೇಗಿದೆ ಎಂದು ನೋಡಿದ ಹಾಗೂ ಆಗುತ್ತದೆ ಎನ್ನುವ ಲೆಕ್ಕ ಅವಳದು.

“ಕಾಂತನ ಪಾಠ ಓದವಾ” ಎಂದಳು ಆಯಿ.

ಬಾಗಿಲ ಹತ್ತಿರ ಕಳಕೇಶನ ತಲೆ ಮೇಲೆದ್ದಿತು.

ನಿರ್ಮಲಾ ಪುಸ್ತಕ ತಂದು ಕೂತಳು. ಅದರಲ್ಲಿ ಬೆಳಕಿನ ಪಾಠವಿತ್ತು, ಆಮ್ಲ ಕ್ಷಾರಗಳಿದ್ದವು, ಸಸ್ಯಗಳು ಆಹಾರ ತಯಾರಿಸುವ ಪಾಠವಿತ್ತು. ಯಾವುದನ್ನು ಓದಿದ್ದರೂ ವೀರವ್ವ ಆಕಳಿಸಿ ಸಾಕು ಎನ್ನುತ್ತಿದ್ದಳು. ನಿರ್ಮಲಾ ಅವನ್ನೆಲ್ಲ ದಾಟಿಸಿ ಹಾಳೆ ಮಗುಚಿದಳು. ಮಾತು ಅವಳದಲ್ಲವಲ್ಲ. ಓದಿದಳು. ಸಜಾತೀಯ ಧ್ರುವಗಳು ಒಂದನ್ನೊಂದು ದೂರ ತಳ್ಳುತ್ತವೆ. ವಿಜಾತೀಯ ಧ್ರುವಗಳು ಒಂದನ್ನೊಂದು ಆಕರ್ಷಿಸುತ್ತವೆ.

ವೀರವ್ವನ ಚಹಾದ ಕಪ್ಪು ಬಾಯಿಯ ಹತ್ತಿರ ನಿಂತಿತು.

ನಿರ್ಮಲಾ ಮುಂದುವರಿಸಿದಳು. ಕಾಂತವನ್ನು ಎರಡು ತುಂಡು ಮಾಡಿದರೆ ಎರಡು ಬೇರೆ ಬೇರೆ ಕಾಂತಗಳು ದೊರೆಯುತ್ತವೆ. ಕಾಂತವನ್ನು ಸುತ್ತಿಗೆಯಿಂದ ಬಲವಾಗಿ ಬಡಿದರೆ ಅಥವಾ ಕೆಂಪಗಾಗುವವರೆಗೆ ಕಾಯಿಸಿದರೆ ಅದು ತನ್ನ ಗುಣವನ್ನು ಕಳೆದುಕೊಳ್ಳುತ್ತದೆ.

“ಅದಂತೂ ಖರೇ. ಬಡದು ಕಾಸಿ ನಡಿಸಿದ್ರ ಯಾ ಕಾಂತನೂ ಉಳಿಯಂಗಿಲ್ಲ. ನಾವು ನೋಡಿವಲ್ಲ” ಎಂದು ಆಯಿ ಅಭಿಪ್ರಾಯ ಕೊಟ್ಟಳು.

ಕಳಕೇಶ ಕರ್ಚೀಫು ತೆಗೆದು ಮುಖ ಮುಚ್ಚಿಕೊಂಡ. ಅವನ ಭುಜ ಅಲ್ಲಾಡುತ್ತಿತ್ತು. ಮಗನಿಗೆ ಏನೋ ಆಗಿದೆ ಎಂದು ವೀರವ್ವ ಗಾಬರಿಯಾದಳು. ಅವನು ಕೆಮ್ಮು ಎಂದು ಕೈ ಮಾಡಿದ. ನಿರ್ಮಲಾ ತಲೆ ಎತ್ತದೆ ಕಡೆಗಣ್ಣಿನಲ್ಲಿ ಎಲ್ಲವನ್ನೂ ನೋಡಿದಳು. ಈ ಮನೆಯಲ್ಲಿ ಕಾಂತ ಎಂದರೆ ಏನೆಂದು ತಿಳಿದವನು ಇನ್ನೊಬ್ಬನಿದ್ದಾನೆ. ಅವನು ಒಂದು ಮಾತು ಆಡಿದರೆ ಸಾಕು, ಅವಳ ಆಟ ಬಯಲಾಗುತ್ತದೆ.

“ಕಳಕೇಶ, ನೀನೂ ಕಲತಾಂವ ಅದಿ. ಖರೇ ಹೇಳು, ಹಿಂಗ ಬರದಾರೇನ ಪುಸ್ತಕದಾಗ?” ಎಂದು ವೀರವ್ವ ಮಗನನ್ನು ಕೇಳಿದಳು.

ಅವನು ಕರ್ಚೀಫು ಮಡಚಿ ಕಿಸೆಗಿಟ್ಟ. ಮುಖವನ್ನು ಸ್ವಾಮಿಗಳ ಮುಂದೆ ಕೂತವನಂತೆ ಮಾಡಿಕೊಂಡ.

“ಬರದಾರವ್ವಾ. ನಾನೂ ಇದನ್ನ ಓದೇ ಪಾಸಾಗೇನಿ. ನಮ್ಮ ಅಂಗಡಿಯಾಗ ದಿನಾ ಇದ ಕೆಲಸ.”

ನಿರ್ಮಲಾಳ ಆಟ ಉಳಿಯಿತು. ಆದರೆ ಸಂತೋಷ ಭಾಳ ಹೊತ್ತು ಉಳಿಯಲಿಲ್ಲ. ವೀರವ್ವ ಕಪ್ಪನ್ನು ನೆಲಕ್ಕೆ ಕುಕ್ಕಿದಳು. ಹಾಗಾದರೆ ಈ ಪುಸ್ತಕವನ್ನು ಇವತ್ತೇ ಮುಚ್ಚಿಸಿರಿ ಎಂದಳು. ಹೆಣ್ಣುಮಗಳು ಇಂಥಾದ್ದನ್ನು ಓದುತ್ತ ಕೂತರೆ ನಾಳೆ ಗಂಡನನ್ನು ಸುತ್ತಿಗೆ ಹಿಡಿದು ನೋಡುತ್ತಾಳೆ. ಪರೀಕ್ಷೆಯೂ ಬೇಡ, ಪುಸ್ತಕವೂ ಬೇಡ. ಮುಹೂರ್ತವನ್ನು ಇನ್ನೂ ಮುಂಚೆಯೇ ಇಡಿಸೋಣ, ಲಗೂನೆ ಮುಗಿಸಿಬಿಡೋಣ. ಅವಳು ಅಂದಾನಪ್ಪನ ಕಡೆ ತಿರುಗಿದಳು. ಅಂದಾನಪ್ಪನ ತುಟಿ ಅದು ಖರೇ ಎನ್ನಲು ತೆರೆದುಕೊಳ್ಳುತ್ತಿತ್ತು.

ನಿರ್ಮಲಾ ಆಡಲು ಹೋಗಿ ತಾನೇ ಸಿಕ್ಕಿಬಿದ್ದಿದ್ದಳು. ಬೇಡ ಎನ್ನಬೇಕು. ಒಂದೇ ಶಬ್ದ, ಆದರೆ ಅದು ಅವಳ ಶಬ್ದವಾಗಿತ್ತು, ಹಾಗಾಗಿ ಬರಲಿಲ್ಲ. ಬೆರಳು ತಾನಾಗಿ ಹಾಳೆ ಹಿಂದಕ್ಕೆ ಮಗುಚಿತು, ಪಾಠದ ಮೊದಲಿಗೆ, ಒಂದು ಬ್ಯಾಟರಿ, ಒಂದು ಸ್ವಿಚ್ಚು, ಒಂದು ಬಲ್ಬಿನ ಚಿತ್ರವಿದ್ದ ಕಡೆಗೆ. ಅಪ್ಪನ ತುಟಿ ಪೂರಾ ತೆರೆಯುವ ಮೊದಲು ಅವಳು ಓದಿದಳು, ಮಗ್ಗದ ಸಪ್ಪಳದ ಮೇಲೆ ಓದಿ ರೂಢಿಯಾದ ದನಿಯಲ್ಲಿ.

“ಮಂಡಲವು ಪೂರ್ಣವಾದಾಗ ಮಾತ್ರ ವಿದ್ಯುತ್ ಹರಿಯುತ್ತದೆ. ಮಂಡಲವನ್ನು ನಡುವೆ ಮುರಿದರೆ ಪ್ರವಾಹ ನಿಲ್ಲುತ್ತದೆ ಮತ್ತು ದೀಪ ಆರುತ್ತದೆ.”

ಕಟ್ಟೆಯ ಮೇಲೆ ಸೈರಾಬಾನುವಿನ ಗೊಂಡೆ ಕಟ್ಟುವ ಕೈ ನಿಂತಿತು. ದೀಪಕ್ಕೆ ಆ ಶಬ್ದವನ್ನು ಹಿರಿಯರ ಎದುರು ಯಾರೂ ಆಡುವುದಿಲ್ಲ. ಲಗ್ನದ ಮಾತುಕತೆಯ ನಡುವೆಯಂತೂ ಹಗೆಯವನೂ ಆಡುವುದಿಲ್ಲ.

ಆಯಿ ಎರಡೂ ಕೈ ಜೋಡಿಸಿ ಪುಸ್ತಕಕ್ಕೆ ನಮಸ್ಕಾರ ಮಾಡಿದಳು. ನಿನಗೂ ಮಂಡಲ ಇದೆಯೇನು ಎಂದು ಮೊಮ್ಮಗಳನ್ನು ಕೇಳಿದಳು. ನಿರ್ಮಲಾ ಪುಸ್ತಕದ ಕಡೆ ಬೆರಳು ಮಾಡಿದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮಂಡಲ ಪುಸ್ತಕದಲ್ಲಿತ್ತು.

“ಕೇಳಿದ್ಯಾ ವೀರವ್ವಾ? ಹುಡುಗಿ ಮಂಡಲ ಹಿಡದಾಳ. ನಾನು ಮೊಣಕಾಲಿಗೆ ಹಿಡದಂಗ ಆಕಿ ವಿದ್ಯಾಕ್ಕ ಹಿಡದಾಳ. ನಡುವ ಬಿಡಿಸಿ ಮನಿ ತುಂಬಿಸ್ಕೊಂಡ್ರ ಮುಂದಿಂದು ನಿನ್ನ ತಲಿ ಮ್ಯಾಲ.”

ವೀರವ್ವ ಮುಖ ಒರೆಸಿಕೊಂಡಳು. ಅವಳ ತಂಗಿಯ ಗಂಡ ಸಂಧಿವಾತಕ್ಕೆ ಮಂಡಲ ಹಿಡಿದು, ನಡುವೆ ಒಂದು ಮದುವೆಯ ಊಟ ಉಂಡು ಬಂದು, ಆಮೇಲೆ ಕೋಲು ಹಿಡಿದವನು ಇನ್ನೂ ಬಿಟ್ಟಿರಲಿಲ್ಲ. ಅದನ್ನು ಅವಳೇ ಹೇಳಿಕೊಂಡಳು, ಸಣ್ಣ ದನಿಯಲ್ಲಿ. ಆಮೇಲೆ ಮಗನ ಕಡೆ ನೋಡಿ, ಈ ಮಂಡಲ ಯಾವಾಗ ಮುಗಿಯುತ್ತದೆ ಎಂದು ಕೇಳಿದಳು.

ಕಳಕೇಶ ನಿರ್ಮಲಾಳನ್ನು ನೋಡಿದ. ಅವಳು ಪುಸ್ತಕದಿಂದ ತಲೆ ಎತ್ತಿರಲಿಲ್ಲ, ಆದರೆ ಅವಳ ಬಲಗೈ ಮುಷ್ಟಿ ಕಟ್ಟಿ ಹೆಬ್ಬೆರಳು ನೆಟ್ಟಗೆ ನಿಂತಿತ್ತು, ನಿಯಮದಲ್ಲಿ ಇದ್ದ ಹಾಗೆ. ಅದು ನಿಯಮ ನೆನಪಿಸಿಕೊಳ್ಳುವುದೋ, ಬೇಡಿಕೊಳ್ಳುವುದೋ, ಅವನಿಗೇ ಬಿಟ್ಟದ್ದು.

“ರೋಣದಾಗ ಪರೀಕ್ಷಿ ಬರದ ದಿನ ಪೂರಾ ಆಗತೈತವ್ವಾ. ಅಲ್ಲೀತನ ಪುಸ್ತಕ ಮುಚ್ಚಬಾರದು” ಎಂದ.

ಹಾಗಾದರೆ ಲಗ್ನ ಪರೀಕ್ಷೆ ಆದ ಮೇಲೆ, ಮುಂದಿನ ಮುಹೂರ್ತಕ್ಕೆ ಎಂದಳು ವೀರವ್ವ. ಅಂದಾನಪ್ಪ ಅದು ಖರೇ ಎಂದ. ಅದರ ನಂತರ ಯಾರಾದರೂ ಮತ್ತೊಂದು ಮಾತು ಆಡುವ ಮೊದಲು ಸೈರಾಬಾನು ಕಟ್ಟೆಯಿಂದಲೇ ಕೂಗಿ ನರೇಗಲ್ಲಿನ ಬಸ್ಸಿಗೆ ಹೊತ್ತಾಯಿತೆಂದು ಎಲ್ಲರನ್ನೂ ಎಬ್ಬಿಸಿದಳು.

ಹೊರಡುವಾಗ ವೀರವ್ವ ಆಯಿಯ ಹತ್ತಿರ ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದಳು. ಕಳಕೇಶ ಚಪ್ಪಲಿ ಹುಡುಕುವ ನೆಪದಲ್ಲಿ ಕಂಬದ ಹತ್ತಿರ ತಡೆದ. ಜೋತುಬಿದ್ದ ಲೋಹಚುಂಬಕವನ್ನು ಬೆರಳಿನಿಂದ ಸಣ್ಣಗೆ ತಳ್ಳಿದ. ಅದು ಆ ಕಡೆ ಈ ಕಡೆ ತೂಗಿತು.

“ಪರೀಕ್ಷಿಯೊಳಗ ಕಾಂತ ಅಂದ್ರ ಗಂಡ ಅಂತ ಬರದೀರಿ ಮತ್ತ” ಎಂದ.

ದುಪಟ್ಟಾದ ತುದಿ ನಿರ್ಮಲಾಳ ಬೆರಳಿಗೆ ಸುತ್ತಿಕೊಳ್ಳಲು ಹೊರಟಿತು. ಅರ್ಧಕ್ಕೆ ಬಿಟ್ಟಳು.

“ಇಲ್ರಿ. ಎರಡು ತುಂಡ ಮಾಡಿದ್ರ ಎರಡಾಗ್ತಾವು ಅಂತ ಅಷ್ಟ ಬರೀತೀನಿ.”

ಹೊರಗಿನವರ ಎದುರು ಪುಸ್ತಕವಿಲ್ಲದೆ ಅವಳಾಡಿದ ಮೊದಲ ಮಾತು ಅದು. ಕಳಕೇಶನಿಗೆ ಮತ್ತೆ ಕೆಮ್ಮು ಬಂತು, ಬಸ್ ನಿಲ್ದಾಣದವರೆಗೂ ಬಿಡಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಪರೀಕ್ಷೆಯವರೆಗೆ ನರೇಗಲ್ಲಿನಿಂದ ಬಂದ ಫೋನುಗಳೆಲ್ಲ ಒಂದೇ ಮಾತಿಗೆ. ಹುಡುಗಿ ದಿನಾ ಓದುತ್ತಿದ್ದಾಳೋ ಇಲ್ಲವೋ? ಒಂದು ದಿನವೂ ತಪ್ಪಿಸಬಾರದು, ಮನೆಗೆಲಸ ಹಚ್ಚಬೇಡಿರಿ ಎಂದು ವೀರವ್ವ ತಾಕೀತು ಮಾಡುತ್ತಿದ್ದಳು. ಪುಸ್ತಕ ಮುಚ್ಚಿಸಲು ಬಂದವಳೇ ಪುಸ್ತಕದ ಕಾವಲಿಗೆ ಕೂತಂತಾಯಿತು. ಅಂದಾನಪ್ಪ ತಾನೇ ಕೂತು ಕಂಡಿಕೆ ಸುತ್ತಿಕೊಂಡ. ಅವು ಸಡಿಲಾಗಿ, ಲಾಳಿಯಲ್ಲಿ ನೂಲು ಮೇಲಿಂದ ಮೇಲೆ ತುಂಡಾಗುತ್ತಿತ್ತು. ಆದರೂ ಸುತ್ತಿದ.

ರೋಣದ ಪರೀಕ್ಷಾ ಕೊಠಡಿಯಲ್ಲಿ ಚಿಕ್ಕ ಚಿಕ್ಕ ಹುಡುಗರ ನಡುವೆ ನಿರ್ಮಲಾ ಕೂತಳು. ಪ್ರಶ್ನೆಪತ್ರಿಕೆ ಬಂತು. ಶಾಶ್ವತ ಕಾಂತಕ್ಕೂ ವಿದ್ಯುತ್ಕಾಂತಕ್ಕೂ ಇರುವ ವ್ಯತ್ಯಾಸ ಬರೆಯಿರಿ ಎಂದು ಇತ್ತು. ಲಕ್ಕಲಕಟ್ಟಿಯ ಅಳಿಯ ಕಣ್ಣ ಮುಂದೆ ಬಂದು ನಿಂತ. ಅವಳು ನಕ್ಕದ್ದನ್ನು ಕಂಡು ಮೇಲ್ವಿಚಾರಕರು ಹತ್ತಿರ ಬಂದು ಡೆಸ್ಕಿನ ಕೆಳಗೆ ಬಗ್ಗಿ ನೋಡಿದರು. ಏನೂ ಇರಲಿಲ್ಲ. ಅವಳು ಬರೆದಳು, ಕೈ ನೋಯುವವರೆಗೆ. ಒಂದು ಕಡೆ ಮಾತ್ರ ‘ಶಾಶ್ವತ ಕಾಂತನು’ ಎಂದು ಬರೆದು, ನಾಲಿಗೆ ಕಚ್ಚಿಕೊಂಡು, ‘ನು’ ಹೊಡೆದು ‘ವು’ ಮಾಡಿದಳು.

ಮನೆಗೆ ಬಂದಾಗ ಆಯಿ ಕೌದಿ ಹೊಲಿಯುತ್ತ ಮಗ್ಗದ ಹತ್ತಿರ ಕೂತಿದ್ದಳು. ಮಂಡಲ ಮುಗಿಯಿತೇ ಎಂದು ಕೇಳಿದಳು. ಮುಗಿಯಿತು ಎಂದಳು ನಿರ್ಮಲಾ. ಆಯಿಯದೂ ಮುಗಿದಿತ್ತು. ಇವತ್ತು ಎಣ್ಣೆಗಾಯಿ ಮಾಡಿಸಿಕೊಂಡು ಉಂಡಿದ್ದಳು, ಮೊಣಕಾಲು ಮೊದಲಿನ ಹಾಗೇ ಇತ್ತು. ಮಾತಿನ ನಡುವೆ ಅವಳ ಕೈಯಿಂದ ಸೂಜಿ ಜಾರಿ ಕುಣಿಯೊಳಗೆ ಬಿತ್ತು.

“ನಿಮ್ಮೀ, ಆ ಕಂಬದಾಗಿನ ಕಾಂತ ತಗೊಂಡು ಇಳಿಬಿಡವಾ” ಎಂದಳು ಆಯಿ.

ನಿರ್ಮಲಾ ಅವಳ ಮುಖ ನೋಡಿದಳು. ಎಷ್ಟು ನೋಡಿದರೂ ಸುಕ್ಕುಗಳ ಹೊರತು ಅಲ್ಲಿ ಏನೂ ಸಿಗಲಿಲ್ಲ. ನೋಡಿ ನೋಡಿ ಎಲ್ಲರ ಗುಟ್ಟು ತಿಳಿಯುತ್ತಿದ್ದ ಹುಡುಗಿಗೆ ಮೊದಲ ಸಲ ತನಗಿಂತ ಗಟ್ಟಿ ಆಸಾಮಿ ಎದುರಾಗಿದ್ದಳು.

“ಆಯಿ, ನಿನಗ ಯಾವಾಗಿಂದ ಗೊತ್ತು?”

ಯಾವುದು ಎಂದು ಆಯಿ ದಾರ ಹಲ್ಲಿಗೆ ಕಚ್ಚಿಕೊಂಡು ಕೇಳಿದಳು. ನಿರ್ಮಲಾ ಲೋಹಚುಂಬಕವನ್ನು ಕುಣಿಗೆ ಇಳಿಬಿಟ್ಟು ಎಳೆದಳು. ಸೂಜಿ ಅಂಟಿಕೊಂಡು ಮೇಲೆ ಬಂತು. ಆಯಿ ಅದನ್ನು ಬಿಡಿಸಿಕೊಳ್ಳಲು ಎರಡು ಸಲ ಜಗ್ಗಬೇಕಾಯಿತು.

“ಚಲೋ ಹಿಡದೈತಿ. ಶಾಶ್ವತ ಕಾಂತ ಇದು” ಎಂದು ಹೇಳಿ, ಸೂಜಿಗೆ ದಾರ ಪೋಣಿಸಿಕೊಡು ಎಂದು ಅವಳ ಕೈಗೆ ಕೊಟ್ಟಳು.